ಕಲ್ಲಲ್ಲ, ರಕ್ತನಾಳ ಅಡ್ಡ ಬಂದಿದೆ ಅಂದರು: ತಮ್ಮನ ಕಿಡ್ನಿ ಉಳಿಯುತ್ತಾ ಡಾಕ್ಟರೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನವರು. ಮಾವಿನ ತೋಪಿದೆ, ಜೊತೆಗೆ ಸ್ವಲ್ಪ ಟೊಮೆಟೊ. ನನ್ನ ತಮ್ಮನಿಗೆ 27 ವರ್ಷ, ನರಸಾಪುರದ ಕಡೆ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸ. ಎರಡು ವರ್ಷದಿಂದ ಬಲಪಕ್ಕೆಯ ಹಿಂದೆ ನೋವು ಬಂದು ಹೋಗುತ್ತದೆ. ಮೊದಲು ಸ್ಕ್ಯಾನಿಂಗ್‌ನಲ್ಲಿ 4 ಎಂ.ಎಂ. ಕಲ್ಲು ಅಂದರು. ಬಾಳೆದಿಂಡಿನ ರಸ, ಹುರುಳಿಕಟ್ಟು ಎಲ್ಲ ಕುಡಿಸಿದೆವು. ದಿನಕ್ಕೆ ಐದು ಲೀಟರ್ ನೀರು ಕುಡಿ ಅಂದರು, ಅವನು ನೀರು ಜಾಸ್ತಿ ಕುಡಿದ ದಿನವೇ ನೋವು ಜಾಸ್ತಿ ಅನ್ನುತ್ತಾನೆ. ನೋವು ಬಂದಾಗೆಲ್ಲ ಊರಲ್ಲೇ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾನೆ. ಹೋದ ತಿಂಗಳು ಸಿ.ಟಿ. ಮಾಡಿಸಿದಾಗ ಕಲ್ಲಿಲ್ಲ, 'ರೆಟ್ರೋಕೇವಲ್ ಯುರೇಟರ್', ಹುಟ್ಟಿನಿಂದಲೇ ದೊಡ್ಡ ರಕ್ತನಾಳ ಮೂತ್ರದ ನಾಳಕ್ಕೆ ಅಡ್ಡ ಬಂದಿದೆ ಅಂದರು. ಡಿ.ಟಿ.ಪಿ.ಎ. ಸ್ಕ್ಯಾನ್‌ನಲ್ಲಿ ಬಲ ಕಿಡ್ನಿ 34, ಎಡ ಕಿಡ್ನಿ 66, 'ಟಿ ಹಾಫ್' 28 ನಿಮಿಷ ಅಂತ ಬಂದಿದೆ. ಕ್ರಿಯಾಟಿನಿನ್ ಮಾತ್ರ 0.9, ನಾರ್ಮಲ್. ಆಪರೇಷನ್ ಬೇಕು ಅನ್ನುತ್ತಾರೆ. ನಮ್ಮ ನೆಂಟರೊಬ್ಬರು ರಕ್ತನಾಳ ಕತ್ತರಿಸಬೇಕಾಗುತ್ತೆ, ಜೀವಕ್ಕೇ ಅಪಾಯ ಅಂದರು. ಇನ್ನೊಬ್ಬರು ಕಿಡ್ನಿಯನ್ನೇ ತೆಗೀತಾರೆ ಅಂದರು. ರಕ್ತದ ರಿಪೋರ್ಟ್ ಸರಿಯಿದ್ದ ಮೇಲೆ ಆಪರೇಷನ್ ಯಾಕೆ? ಬರೀ ಸ್ಟೆಂಟ್ ಹಾಕಿದರೆ ಸಾಲದಾ? ಅಮ್ಮ, ಬಸಿರಲ್ಲಿ ಗ್ರಹಣದ ದಿನ ಹೊರಗೆ ಓಡಾಡಿದ್ದರಿಂದ ಹೀಗಾಯಿತು ಅಂತ ಅಳುತ್ತಾಳೆ. ನಿಶ್ಚಿತಾರ್ಥ ಆಗಿದೆ, ಮಾಘದಲ್ಲಿ ಮದುವೆ. ಹೆಣ್ಣಿನ ಕಡೆಯವರಿಗೆ ಹೇಳಬೇಕಾ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ರೋಗದ ಹೆಸರಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 'ನೀರು ಜಾಸ್ತಿ ಕುಡಿದ ದಿನವೇ ನೋವು ಜಾಸ್ತಿ' ಅನ್ನುವ ಮಾತು. ಕಿಡ್ನಿಯೊಳಗೆ ಸುಮ್ಮನೆ ಕೂತ 4 ಎಂ.ಎಂ. ಕಲ್ಲು ಹಾಗೆ ನೋಯಿಸುವುದಿಲ್ಲ. ಹೊರಹೋಗುವ ದಾರಿ ಬಿಗಿಯಾಗಿದ್ದಾಗ ಮಾತ್ರ, ಮೂತ್ರ ಹೆಚ್ಚು ಹುಟ್ಟಿದಷ್ಟೂ ಕಿಡ್ನಿ ಉಬ್ಬಿ, ಅದರ ಹೊದಿಕೆ ಹಿಗ್ಗಿ ನೋವಾಗುತ್ತದೆ. ನಿಮ್ಮ ತಮ್ಮ ತನ್ನ ಕಾಯಿಲೆ ಏನೆಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದ, ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಬೇರೆ ವೈದ್ಯರನ್ನು ದೂರಲು ಈ ಮಾತು ಹೇಳುತ್ತಿಲ್ಲ. ನಾನು ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದಾಗ ಮಾಲೂರು ಕಡೆಯ ಒಬ್ಬ ಹುಡುಗ ಇದೇ ಮಾತು ಹೇಳಿದ್ದ. 'ನೀನು ಸರಿಯಾಗಿ ನೀರು ಕುಡೀತಿಲ್ಲ ಕಣಪ್ಪ' ಅಂತ ಎಂಟು ತಿಂಗಳು ಅವನನ್ನೇ ಗದರಿದ್ದೆ.

ನಮ್ಮ ಕಡೆ ಪಕ್ಕೆನೋವು ಅಂದರೆ ಕಲ್ಲು ಅಂತಲೇ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಸ್ಕ್ಯಾನಿಂಗ್‌ನಲ್ಲಿ ಒಂದು ಬಿಳಿ ಚುಕ್ಕೆ ಕಂಡರೂ ಸಾಕು, 3 ಎಂ.ಎಂ., 4 ಎಂ.ಎಂ. ಅಂತ ರಿಪೋರ್ಟ್‌ನಲ್ಲಿ ಕೂರುತ್ತದೆ. ಆಮೇಲೆ ಕಿಡ್ನಿ ಯಾಕೆ ಊದಿದೆ ಅಂತ ಯಾರೂ ಹುಡುಕುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಕಿಡ್ನಿಯ ಊತ ಕಾಣುತ್ತದೆ, ನಾಳದ ಮೇಲ್ತುದಿಯೂ ಕಾಣಬಹುದು. ಮಧ್ಯದ ಭಾಗವನ್ನು ಕರುಳಿನ ಗಾಳಿ ಮುಚ್ಚಿಬಿಡುತ್ತದೆ, ಈ ಕಾಯಿಲೆ ಇರುವುದೋ ಸರಿಯಾಗಿ ಅಲ್ಲೇ. ಕಲ್ಲು ಹುಡುಕಲು ಔಷಧಿ ಹಾಕದೆ ಮಾಡುವ ಸಾದಾ ಸಿ.ಟಿ.ಯಲ್ಲೂ ತಪ್ಪಿಹೋಗಬಹುದು. ರಕ್ತನಾಳಕ್ಕೆ ಕಾಂಟ್ರಾಸ್ಟ್ ಎಂಬ ಔಷಧಿ ಕೊಟ್ಟು, ಅದು ಕಿಡ್ನಿಯಿಂದ ಕೆಳಗಿಳಿಯುವವರೆಗೆ ಹತ್ತು ಹದಿನೈದು ನಿಮಿಷ ಕಾದು ಮತ್ತೆ ಚಿತ್ರ ತೆಗೆಯುವ ಸಿ.ಟಿ. ಯುರೋಗ್ರಾಮ್‌ನಲ್ಲಿ ಮಾತ್ರ ನಾಳ ಯಾವ ದಾರಿ ಹಿಡಿದಿದೆ ಅನ್ನುವುದು ಸ್ಪಷ್ಟವಾಗುತ್ತದೆ. ನಿಮ್ಮವರಿಗೆ ಅದನ್ನು ಬರೆದುಕೊಟ್ಟ ವೈದ್ಯರು ಒಳ್ಳೆಯ ಕೆಲಸ ಮಾಡಿದ್ದಾರೆ.

ಈಗ ಈ 'ಅಡ್ಡ ಬಂದಿರುವುದು' ಏನು ಅಂತ ನೋಡೋಣ. ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಇಳಿಸುವ ತೆಳ್ಳಗಿನ ನಾಳವೇ ಯುರೇಟರ್, ಉದ್ದ ಸುಮಾರು 25 ಸೆಂಟಿಮೀಟರ್. ಕಾಲು, ಸೊಂಟ, ಹೊಟ್ಟೆಯ ರಕ್ತವನ್ನೆಲ್ಲ ಹೃದಯಕ್ಕೆ ಹಿಂದಿರುಗಿಸುವ ದೊಡ್ಡ ಅಭಿಧಮನಿಯನ್ನು ನಾವು ಐ.ವಿ.ಸಿ. ಅನ್ನುತ್ತೇವೆ. ಅದು ಬೆನ್ನೆಲುಬಿನ ಬಲಮಗ್ಗುಲಲ್ಲಿ ಹೆಬ್ಬೆರಳಿನಷ್ಟು ದಪ್ಪಗೆ ಮೇಲೇರುತ್ತದೆ. ಎಲ್ಲರಲ್ಲೂ ಬಲಗಡೆಯ ಯುರೇಟರ್ ಈ ಅಭಿಧಮನಿಯ ಪಕ್ಕದಲ್ಲಿ ಸಲೀಸಾಗಿ ಇಳಿದುಹೋಗುತ್ತದೆ. ನಿಮ್ಮ ತಮ್ಮನಲ್ಲಿ ಅದು ಅಭಿಧಮನಿಯ ಹಿಂದಕ್ಕೆ ನುಸುಳಿ, ಬೆನ್ನೆಲುಬಿನ ಕಡೆ ಹೋಗಿ, ಸುತ್ತು ಹಾಕಿಕೊಂಡು ಮತ್ತೆ ಮುಂದೆ ಬಂದು ಕೆಳಗಿಳಿದಿದೆ.

ಇದನ್ನು ಸಲೀಸಾಗಿ ತಿಳಿಯಲು ನಿಮ್ಮ ಟೊಮೆಟೊ ಹೊಲವನ್ನೇ ನೆನೆಸಿಕೊಳ್ಳಿ. ಸಣ್ಣ ಡ್ರಿಪ್ ಪೈಪನ್ನು ನೀರು ತುಂಬಿದ ದಪ್ಪ ಕ್ಯಾನ್ವಾಸ್ ಪೈಪಿನ ಅಡಿಯಿಂದ ಹಾಯಿಸಿದ್ದೀರಿ ಅಂದುಕೊಳ್ಳಿ. ಕ್ಯಾನ್ವಾಸ್ ಪೈಪು ಕಬ್ಬಿಣದ ಹಾಗೆ ಅಪ್ಪಚ್ಚಿ ಮಾಡುವುದಿಲ್ಲ, ಮೆತ್ತಗಿರುತ್ತದೆ. ಆದರೂ ಅದಕ್ಕೂ ನೆಲಕ್ಕೂ ನಡುವೆ ಸಿಕ್ಕಿದ ಡ್ರಿಪ್ ಪೈಪು ಸ್ವಲ್ಪ ಒತ್ತಿಕೊಳ್ಳುತ್ತದೆ, ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ನೀರು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ವರ್ಷಗಟ್ಟಲೆ ಹಾಗೆ ಒತ್ತಿಸಿಕೊಂಡು ನಾಳದ ಆ ಭಾಗ ಕೆಲವರಲ್ಲಿ ತಾನೇ ಕಿರಿದಾಗಿ, ಮೂತ್ರವನ್ನು ಮುಂದಕ್ಕೆ ತಳ್ಳುವ ಕಸುವು ಕಳೆದುಕೊಳ್ಳುತ್ತದೆ.

ಹೆಸರು ಕೇಳಿದರೆ ಯುರೇಟರ್ ದಾರಿ ತಪ್ಪಿದಂತೆ ತೋರುತ್ತದೆ, ನಿಜದಲ್ಲಿ ದಾರಿ ತಪ್ಪಿದ್ದು ರಕ್ತನಾಳ. ಗರ್ಭದ ನಾಲ್ಕರಿಂದ ಎಂಟನೇ ವಾರದ ಒಳಗೆ ಭ್ರೂಣದ ಬೆನ್ನಭಾಗದಲ್ಲಿ ಮೂರು ಜೊತೆ ಅಭಿಧಮನಿಗಳು ಒಂದಾದ ಮೇಲೊಂದು ಮೂಡುತ್ತವೆ. ಕೆಲವು ಕರಗಿಹೋಗುತ್ತವೆ, ಕೆಲವು ಒಂದಕ್ಕೊಂದು ಕೂಡಿಕೊಂಡು ಕೊನೆಗೆ ಒಂದೇ ಐ.ವಿ.ಸಿ. ಉಳಿಯುತ್ತದೆ. ಕಿಡ್ನಿಗಿಂತ ಕೆಳಗಿನ ಭಾಗದಲ್ಲಿ ಉಳಿಯಬೇಕಾದ್ದು ಯುರೇಟರಿನ ಹಿಂದೆ ಇರುವ ಅಭಿಧಮನಿ. ಮುಂದೆ ಇರುವುದು ಕರಗಬೇಕು. ಇಲ್ಲಿ ಕರಗಬೇಕಾದದ್ದು ಕರಗದೆ ಅದೇ ಮುಖ್ಯ ಕಾಲುವೆಯಾಗಿ ನಿಂತಿದೆ, ಯುರೇಟರ್ ಪಾಪ ಅದರ ಹಿಂದೆ ಸಿಕ್ಕಿಕೊಂಡಿದೆ. ಅದಕ್ಕೇ ನಮ್ಮಲ್ಲಿ ಕೆಲವರು ರೆಟ್ರೋಕೇವಲ್ ಯುರೇಟರ್ ಅನ್ನದೆ, 'ಯುರೇಟರಿನ ಮುಂದಿರುವ ಮಹಾಸಿರೆ' ಅನ್ನುವ ಅರ್ಥದ ಹೆಸರನ್ನೇ ಬಳಸುತ್ತಾರೆ.

ನಿಮ್ಮ ಅಮ್ಮನ ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಎಂಟು ವಾರ ಅಂದರೆ ಮುಟ್ಟು ನಿಂತಿದೆ ಅಂತ ಖಾತ್ರಿಯಾಗಿ, ಮನೆಯಲ್ಲಿ ಹಿರಿಯರಿಗೆ ಹೇಳುವಷ್ಟರ ಹೊತ್ತು. ಅವರಿಗೆ ತಾನು ಬಸುರಿ ಅಂತ ಸರಿಯಾಗಿ ಗೊತ್ತಾಗುವಷ್ಟರಲ್ಲೇ ಈ ಅಭಿಧಮನಿಯ ದಾರಿ ತೀರ್ಮಾನವಾಗಿಹೋಗಿತ್ತು. ಆಮೇಲೆ ಗ್ರಹಣದಲ್ಲಿ ಹೊರಗೆ ಬಂದರೂ, ಮನೆಯೊಳಗೆ ಮಲಗಿದ್ದರೂ, ಪರಂಗಿ ತಿಂದರೂ ಬಿಟ್ಟರೂ ಅದು ಬದಲಾಗುತ್ತಿರಲಿಲ್ಲ. ಹೆಣ ಪರೀಕ್ಷೆಗಳ ಲೆಕ್ಕದಲ್ಲಿ ಸುಮಾರು 1,000ದಿಂದ 1,500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ, ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ನಮ್ಮ ಕಡೆ ಗ್ರಹಣವೇ ಕಾಣದ ವರ್ಷದಲ್ಲಿ ಹುಟ್ಟಿದವರಲ್ಲೂ ಇದೆ. ಸಾಮಾನ್ಯವಾಗಿ ಇದು ವಂಶದಲ್ಲಿ ಇಳಿದು ಬರುವಂಥದ್ದಲ್ಲ. ನೀವಾಗಲಿ ನಿಮ್ಮ ಮಕ್ಕಳಾಗಲಿ ಹೆದರಿ ಸ್ಕ್ಯಾನ್ ಮಾಡಿಸಿಕೊಳ್ಳಬೇಕಾಗಿಲ್ಲ.

ಕ್ಲಿನಿಕ್ಕಿನಲ್ಲಿ ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ, ನೀವು ಕೇಳದಿದ್ದರೂ ಹೇಳುತ್ತೇನೆ: 'ಎಲ್ಲಾ ಈ ನೀರಿಂದ ಸಾರ್'. ಕೊಳವೆಬಾವಿ ಸಾವಿರ ಅಡಿ ದಾಟಿರುವ ಊರುಗಳಲ್ಲಿ ಫ್ಲೋರೈಡ್ ಇದೆ, ಹಲ್ಲು ಮೂಳೆ ಕೆಡಿಸುತ್ತದೆ, ಅದು ನಿಜವಾದ ತೊಂದರೆ. ಹಾಗಂತ ಫ್ಲೋರೈಡ್ ಯಾರ ಅಭಿಧಮನಿಯನ್ನೂ ಎತ್ತಿ ಯುರೇಟರಿನ ಮುಂದೆ ಇಡುವುದಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ನೀರನ್ನು ದೂರುವವರೂ ಇದ್ದಾರೆ. ಆ ನೀರು ನಮ್ಮ ಜಿಲ್ಲೆಯ ಕೆರೆಗೆ ಹರಿದದ್ದು 2018ರಲ್ಲಿ, ನಿಮ್ಮ ತಮ್ಮ ಅದಕ್ಕೆ ಎಷ್ಟೋ ವರ್ಷ ಮೊದಲೇ ಈ ಅಭಿಧಮನಿಯ ಸಮೇತ ಹುಟ್ಟಿದ್ದಾನೆ.

ಹುಟ್ಟಿನಿಂದ ಇದ್ದದ್ದು 25 ವರ್ಷ ಯಾಕೆ ಸುಮ್ಮನಿತ್ತು ಅಂದರೆ, ಅಡ್ಡಿ ಪೂರ್ತಿ ಅಲ್ಲ, ಅರ್ಧಂಬರ್ಧ. ಯುರೇಟರ್ ಅಂದರೆ ಬರೀ ಪೈಪಲ್ಲ. ಅದಕ್ಕೆ ಸ್ನಾಯು ಇದೆ, ಅಲೆ ಅಲೆಯಾಗಿ ಹಿಂಡಿ ಮೂತ್ರವನ್ನು ಕೆಳಗೆ ತಳ್ಳುತ್ತದೆ. ಎಳೆ ವಯಸ್ಸಿನಲ್ಲಿ ಆ ಸ್ನಾಯು ಹೇಗೋ ದಾಟಿಸಿಕೊಂಡು ಹೋಗುತ್ತದೆ. ವರ್ಷ ಕಳೆದಂತೆ ಮೇಲಿನ ಭಾಗ ಹಿಗ್ಗಿ ದಣಿಯುತ್ತದೆ. ಸಾಮಾನ್ಯವಾಗಿ 20 ದಾಟಿ 40ರ ಒಳಗೆ ನೋವು, ಸೋಂಕು, ಮೂತ್ರದಲ್ಲಿ ರಕ್ತ, ಇಲ್ಲವೇ ನಿಂತ ಮೂತ್ರದಲ್ಲಿ ಹುಟ್ಟಿದ ಕಲ್ಲು, ಹೀಗೆ ಏನಾದರೊಂದು ರೂಪದಲ್ಲಿ ಹೊರಬೀಳುತ್ತದೆ. ಎಷ್ಟೋ ಜನರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಆಕಸ್ಮಿಕವಾಗಿ ಕಾಣುತ್ತದೆ.

ಹಾಗಾಗಿ ಈ ಹೆಸರು ರಿಪೋರ್ಟ್‌ನಲ್ಲಿ ಇದ್ದ ಮಾತ್ರಕ್ಕೆ ಯಾರನ್ನೂ ಆಪರೇಷನ್ ಟೇಬಲ್ ಮೇಲೆ ಮಲಗಿಸಬಾರದು. ನಾಳ ರಕ್ತನಾಳದ ಹಿಂದೆ ಹೋಗಿದೆ ಅನ್ನುವುದು ಒಂದು ಮಾತು, ಅಲ್ಲಿ ಮೂತ್ರ ಕಟ್ಟಿಕೊಳ್ಳುತ್ತಿದೆ ಅನ್ನುವುದು ಇನ್ನೊಂದು ಮಾತು. 1969ರಲ್ಲಿ ಬೇಟ್ಸನ್ ಮತ್ತು ಆಟ್ಕಿನ್ಸನ್ ಇದನ್ನು ಎರಡು ಬಗೆಯಾಗಿ ವಿಂಗಡಿಸಿದರು, ಇವತ್ತಿಗೂ ಅದನ್ನೇ ಬಳಸುತ್ತೇವೆ. ಮೊದಲನೆಯದರಲ್ಲಿ ನಾಳ ಸ್ವಲ್ಪ ಕೆಳಗಿನವರೆಗೆ ಬಂದು, ಸೊಂಟದ ಮೂರನೇ ಮೂಳೆಯ ಹತ್ತಿರ ಗಾಳದ ಕೊಕ್ಕೆಯಂತೆ ಬಾಗಿ ಹಿಂದೆ ಹೋಗುತ್ತದೆ. ಹೆಚ್ಚಿನವರದ್ದು ಇದೇ, ಮೂತ್ರ ಕಟ್ಟುವುದೂ ಇದರಲ್ಲೇ ಹೆಚ್ಚು. ಎರಡನೆಯದರಲ್ಲಿ ನಾಳ ಮೇಲ್ಗಡೆಯೇ, ಕಿಡ್ನಿಯ ಮಟ್ಟದಲ್ಲೇ, ಕುಡುಗೋಲಿನ ಹಾಗೆ ಸಲೀಸಾಗಿ ಬಾಗಿಕೊಂಡು ಹೋಗುತ್ತದೆ. ಅದರಲ್ಲಿ ಅಡ್ಡಿ ಕಡಿಮೆ. ನಿಮ್ಮ ಸಿ.ಟಿ. ರಿಪೋರ್ಟ್‌ನಲ್ಲಿ 'ಟೈಪ್ 1' ಅಂತ ಇದೆಯಾ ನೋಡಿ. ಇದ್ದರೆ ನನಗೇನೂ ಆಶ್ಚರ್ಯವಿಲ್ಲ.

ಮೂತ್ರ ಕಟ್ಟಿದೆಯೋ ಇಲ್ಲವೋ ಅನ್ನುವ ತೀರ್ಪು ಕೊಡುವುದು ನೀವು ಮಾಡಿಸಿದ ಡಿ.ಟಿ.ಪಿ.ಎ., ಅಂದರೆ ರಕ್ತಕ್ಕೆ ಔಷಧಿ ಕೊಟ್ಟು ಅದು ಕಿಡ್ನಿಯಿಂದ ಇಳಿಯುವುದನ್ನು ನೋಡುವ ಸ್ಕ್ಯಾನ್. ಅದರಲ್ಲಿ ಎರಡು ಅಂಕಿ ಓದಬೇಕು. ಮೊದಲನೆಯದು ಪಾಲು. ಎರಡೂ ಕಿಡ್ನಿ ಸೇರಿ ನೂರು ಪಾಲು ಕೆಲಸ ಅಂದರೆ ಒಂದೊಂದೂ 45ರಿಂದ 55 ಹೊರಬೇಕು. ನಿಮ್ಮ ತಮ್ಮನ ಬಲ ಕಿಡ್ನಿ ಹೊರುತ್ತಿರುವುದು 34. ಎರಡನೆಯದು ಟಿ ಹಾಫ್. ಪರೀಕ್ಷೆಯ ವೇಳೆ ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟಾಗ, ಕಿಡ್ನಿಯಲ್ಲಿ ತುಂಬಿದ ಔಷಧಿಯಲ್ಲಿ ಅರ್ಧದಷ್ಟು ಖಾಲಿಯಾಗಲು ಎಷ್ಟು ನಿಮಿಷ ಬೇಕು ಅನ್ನುವ ಲೆಕ್ಕ ಅದು. 10 ನಿಮಿಷದೊಳಗೆ ಖಾಲಿಯಾದರೆ ದಾರಿ ಸುಗಮ. 20 ದಾಟಿದರೆ ಅಡ್ಡಿ ಇದೆ. ನಡುವಿನದು ಅನುಮಾನದ ಜಾಗ, ಮತ್ತೆ ಮಾಡಬೇಕಾಗಬಹುದು. ನಿಮ್ಮದು 28.

ಒಂದು ಎಚ್ಚರಿಕೆ ಹೇಳಬೇಕು. ಹೊಟ್ಟೆಗೆ ನೀರಿಲ್ಲದೆ ಹೋಗಿ ಈ ಪರೀಕ್ಷೆ ಮಾಡಿಸಿಕೊಂಡರೆ, ಇಲ್ಲವೇ ಮೂತ್ರಕೋಶ ತುಂಬಿಕೊಂಡೇ ಮಲಗಿದ್ದರೆ, ಅಡ್ಡಿ ಇಲ್ಲದವರಿಗೂ ನಿಮಿಷ ಹೆಚ್ಚು ತೋರಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏನೂ ಕುಡಿಯದೆ ಬಸ್ಸು ಹತ್ತಿ ಹೋಗಿ ಮಾಡಿಸಿದ್ದಾ ಅಂತ ಅವನನ್ನು ಕೇಳಿ. ಹಾಗಿದ್ದರೂ ಪಾಲು 34ಕ್ಕೆ ಇಳಿದಿರುವುದು, ನೀರು ಕುಡಿದಾಗ ನೋವು, ಸಿ.ಟಿ.ಯಲ್ಲಿ ಕಂಡ ನಾಳದ ದಾರಿ, ಮೂರೂ ಒಂದೇ ಕಡೆ ಬೊಟ್ಟು ಮಾಡುತ್ತಿವೆ. ಪತ್ರ ಓದಿ ಕೊಡುವ ಅಭಿಪ್ರಾಯಕ್ಕೆ ಮಿತಿ ಇದೆ, ಆದರೂ ನನ್ನ ಮುಂದೆ ಕೂತಿದ್ದರೆ ನಾನೂ ಆಪರೇಷನ್ ಬೇಕು ಅಂತಲೇ ಹೇಳುತ್ತಿದ್ದೆ.

ಹಾಗಾದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸದ ಅಳತೆ, 0.9 ಯಾಕೆ? ನಿಮ್ಮ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಇದೇ, ಜನ ಮೋಸ ಹೋಗುವುದೂ ಇಲ್ಲೇ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಂಟಿದರೂ ಇನ್ನೊಂದು ಗಟ್ಟಿಯಿದ್ದರೆ ಗಾಡಿ ಮನೆ ಸೇರುತ್ತದೆ. ಕ್ರಿಯಾಟಿನಿನ್ ಗಾಡಿ ಮನೆ ಸೇರಿತು ಅಂತ ಹೇಳುತ್ತದೆಯೇ ಹೊರತು ಯಾವ ಎತ್ತು ಎಳೆಯಿತು ಅಂತಲ್ಲ. ಒಂದು ಕಿಡ್ನಿ ಪೂರ್ತಿ ಸತ್ತುಹೋದರೂ ಇನ್ನೊಂದು ಚೆನ್ನಾಗಿದ್ದರೆ ಈ ಅಂಕಿ ನಾರ್ಮಲ್ ಆಗಿಯೇ ಇರಬಲ್ಲದು. 'ರಕ್ತದ ರಿಪೋರ್ಟ್ ಚೆನ್ನಾಗಿದೆಯಲ್ಲಾ' ಅಂತ ಐದಾರು ವರ್ಷ ಕಳೆದು, ಬಲೂನಿನಂತೆ ಊದಿದ, 6 ಪಾಲಿನ ಕಿಡ್ನಿ ಹೊತ್ತುಕೊಂಡು ಬಂದವರನ್ನು ಕಂಡಿದ್ದೇನೆ. ಅಂಥವರಿಗೆ ನಿಮ್ಮ ಎರಡನೇ ನೆಂಟರು ಹೇಳಿದ್ದು ನಿಜವಾಗುತ್ತದೆ: ಪಾಲು 10ಕ್ಕಿಂತ ಕೆಳಗಿಳಿದು, ನೋವು ಸೋಂಕು ಕಾಡುತ್ತಿದ್ದರೆ, ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ, ಕೆಟ್ಟದ್ದನ್ನು ತೆಗೆಯುವುದೇ ದಾರಿ. 34 ಇರುವ ಕಿಡ್ನಿಯನ್ನು ಯಾರೂ ತೆಗೆಯುವುದಿಲ್ಲ. ಯಾರಾದರೂ ತೆಗೆಯೋಣ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೊದಲನೇ ನೆಂಟರ ಮಾತಿಗೆ ಬರೋಣ. ರಕ್ತನಾಳ ಕತ್ತರಿಸುವುದಿಲ್ಲ. ತಪ್ಪು ಮಾಡಿದ್ದು ರಕ್ತನಾಳವಾದರೂ ದಂಡ ಕಟ್ಟುವುದು ಯುರೇಟರ್, ಯಾಕೆಂದರೆ ಅದನ್ನು ಕತ್ತರಿಸಿ ಜೋಡಿಸುವುದು ಸುಲಭ, ಅಪಾಯ ಕಡಿಮೆ. ಅಭಿಧಮನಿಗೆ ಅಂಟಿಕೊಳ್ಳುವುದಕ್ಕಿಂತ ಮುಂಚೆ, ಮೇಲುಗಡೆ ಹಿಗ್ಗಿರುವ ಜಾಗದಲ್ಲಿ ಯುರೇಟರನ್ನು ಕತ್ತರಿಸುತ್ತೇವೆ. ಕೆಳಗಿನ ತುಂಡನ್ನು ಅಭಿಧಮನಿಯ ಹಿಂದಿನಿಂದ ಮೆಲ್ಲಗೆ ಬಿಡಿಸಿ ಮುಂದಕ್ಕೆ ತರುತ್ತೇವೆ. ಹಿಂದೆ ಸಿಕ್ಕಿಕೊಂಡಿದ್ದ ಭಾಗ ಕಿರಿದಾಗಿದ್ದರೆ ಅದನ್ನು ತೆಗೆದುಹಾಕುತ್ತೇವೆ. ಬಿಡಿಸಲು ಬಾರದಷ್ಟು ಅಂಟಿದ್ದರೆ ಆ ತುಂಡನ್ನು ಅಲ್ಲೇ ಬಿಟ್ಟರೂ ನಡೆಯುತ್ತದೆ, ಹಟ ಹಿಡಿದು ಅಭಿಧಮನಿ ಹರಿದುಕೊಳ್ಳುವುದಕ್ಕಿಂತ ಅದೇ ವಾಸಿ. ಆಮೇಲೆ ಎರಡು ತುದಿಗಳನ್ನೂ ಓರೆಯಾಗಿ ಸೀಳಿ ಅಗಲ ಮಾಡಿ, ತಾನೇ ಕರಗುವ ಸಣ್ಣ ದಾರದಿಂದ ಅಭಿಧಮನಿಯ ಮುಂಭಾಗದಲ್ಲಿ ಜೋಡಿಸುತ್ತೇವೆ. ಒಳಗೆ ಡಿ.ಜೆ. ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇಟ್ಟಿರುತ್ತೇವೆ, ಹೊಲಿಗೆ ಕೂಡುವವರೆಗೆ ಮೂತ್ರ ಅದರೊಳಗಿಂದ ಇಳಿಯುತ್ತದೆ. ಐ.ವಿ.ಸಿ.ಯನ್ನೇ ಕತ್ತರಿಸಿ ಜೋಡಿಸುವ ವಿಧಾನ ಇಲ್ಲವೆಂದಲ್ಲ. ಬೇರೆ ಕಾರಣಕ್ಕೆ ಐ.ವಿ.ಸಿ.ಯ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವ ಅಪರೂಪದವರಿಗೆ ಅದು. ನನ್ನ ಕೈಯಲ್ಲಿ ಒಮ್ಮೆಯೂ ಅದರ ಅಗತ್ಯ ಬಿದ್ದಿಲ್ಲ.

ಹೊಟ್ಟೆ ಕೊಯ್ದು ಮಾಡುವುದೋ, ಲ್ಯಾಪ್ರೋಸ್ಕೋಪಿಯೋ, ರೋಬೋಟೋ? ಒಳಗೆ ನಡೆಯುವ ಕೆಲಸ ಮೂರರಲ್ಲೂ ಒಂದೇ. 1994ರಲ್ಲಿ ಜಪಾನಿನ ವೈದ್ಯರು ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿ ತೋರಿಸಿದ ಮೇಲೆ ಈಗ ಅದೇ ರೂಢಿ. ಗಾಯ ಸಣ್ಣದು, ನೋವು ಕಡಿಮೆ, ಮೂರು ನಾಲ್ಕು ದಿನದಲ್ಲಿ ಮನೆಗೆ ಹೋಗಬಹುದು. ಆದರೆ ಒಳಗೆ ಸೂಜಿ ಹಾಕಿ ಹೊಲಿಯುವುದು ಅಭ್ಯಾಸದ ಕೆಲಸ. ಲ್ಯಾಪ್ರೋಸ್ಕೋಪಿಯಲ್ಲಿ ವಾರಕ್ಕೆರಡು ಮೂರು ಹೊಲಿಗೆಯ ಆಪರೇಷನ್ ಮಾಡುವವರ ಕೈಯಲ್ಲಿ ಅದು ಉತ್ತಮ. ಅಪರೂಪಕ್ಕೆ ಮಾಡುವವರಿಗಿಂತ, ನೇರವಾಗಿ ಕೊಯ್ದು ಚೆನ್ನಾಗಿ ಮಾಡಬಲ್ಲವರೇ ಮೇಲು. 'ನೀವು ಪೈಲೋಪ್ಲಾಸ್ಟಿ ಎಷ್ಟು ಮಾಡಿದ್ದೀರಿ' ಅಂತ ಧೈರ್ಯವಾಗಿ ಕೇಳಿ. ಅದು ಕಿಡ್ನಿಯ ಬಾಯಿಯ ಹತ್ತಿರ ಮಾಡುವ, ಇದೇ ಬಗೆಯ ಕೈಚಳಕ ಬೇಡುವ, ಹೆಚ್ಚಾಗಿ ನಡೆಯುವ ಆಪರೇಷನ್. ರೆಟ್ರೋಕೇವಲ್ ಎಷ್ಟು ಮಾಡಿದ್ದೀರಿ ಅಂತ ಕೇಳಿದರೆ ಯಾರೂ ದೊಡ್ಡ ಸಂಖ್ಯೆ ಹೇಳಲಾರರು, ಕಾಯಿಲೆಯೇ ಅಪರೂಪ. ರೋಬೋಟ್‌ಗೋಸ್ಕರ ಸಾಲ ಮಾಡಬೇಡಿ.

ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹೊಲಿಗೆಯಿಂದ ಕೆಲವು ದಿನ ಮೂತ್ರ ಸೋರಬಹುದು, ಅದಕ್ಕೇ ಪಕ್ಕದಲ್ಲಿ ಡ್ರೈನ್ ಪೈಪು ಇಟ್ಟಿರುತ್ತೇವೆ, ಹೆಚ್ಚಾಗಿ ತಾನೇ ನಿಲ್ಲುತ್ತದೆ. ಸೋಂಕು ಬರಬಹುದು. ಅಭಿಧಮನಿಗೋ ಅದಕ್ಕೆ ಸೇರುವ ಸಣ್ಣ ಸಿರೆಗಳಿಗೋ ಪೆಟ್ಟಾಗಿ ರಕ್ತಸ್ರಾವ ಆಗಬಹುದು, ಆಗ ಲ್ಯಾಪ್ರೋಸ್ಕೋಪಿ ಬಿಟ್ಟು ಹೊಟ್ಟೆ ತೆರೆಯಬೇಕಾದೀತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಈ ಮಾತು ಅದರಲ್ಲಿರುತ್ತದೆ, ನೋಡಿ ಬೆಚ್ಚಬೇಡಿ. ತಿಂಗಳುಗಳಾದ ಮೇಲೆ ಜೋಡಿಸಿದ ಜಾಗ ಕೆಲವೇ ಮಂದಿಯಲ್ಲಿ ಮತ್ತೆ ಬಿಗಿದುಕೊಳ್ಳುತ್ತದೆ. ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಈ ಆಪರೇಷನ್ ಕೈಹಿಡಿಯುತ್ತದೆ. 34 ಮತ್ತೆ 50 ಆಗುತ್ತದೆ ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಕೆಲವರಲ್ಲಿ ಸ್ವಲ್ಪ ಏರುತ್ತದೆ, ಹಲವರಲ್ಲಿ ಅಲ್ಲೇ ನಿಲ್ಲುತ್ತದೆ. ಇದ್ದದ್ದನ್ನು ಉಳಿಸಿಕೊಳ್ಳುವುದು, ನೋವು ನಿಲ್ಲಿಸುವುದು ಇದರ ಉದ್ದೇಶ. ಇನ್ನೊಂದು ವಿಷಯ, ಆಪರೇಷನ್ ಚೆನ್ನಾಗಿಯೇ ಆಗಿದ್ದರೂ ವರ್ಷಗಳ ನಂತರವೂ ಅಲ್ಟ್ರಾಸೌಂಡ್‌ನಲ್ಲಿ 'ಸ್ವಲ್ಪ ಊತ' ಅಂತ ಬರುತ್ತಿರುತ್ತದೆ. ಹಿಗ್ಗಿದ ಚೀಲ ಮೊದಲಿನ ಹಾಗೆ ಬಿಗಿಯುವುದಿಲ್ಲ. ಅದನ್ನು ನೋಡಿ ಆಪರೇಷನ್ ಫೇಲ್ ಅಂದುಕೊಂಡು ಓಡಿ ಬಂದವರು ಬಹಳ ಮಂದಿ.

ಸ್ಟೆಂಟ್ ಒಂದನ್ನೇ ಹಾಕಿಸಿಕೊಂಡು ಇರಬಹುದಾ ಅಂತ ಕೇಳಿದ್ದೀರಿ. ಜ್ವರ ಬಂದು ಕೀವಾದಾಗ, ಅಥವಾ ಆಪರೇಷನ್‌ಗೆ ಸ್ವಲ್ಪ ಕಾಲ ಬೇಕಾದಾಗ ಅದು ಒಳ್ಳೆಯ ತಾತ್ಕಾಲಿಕ ಉಪಾಯ. ಪರಿಹಾರ ಅಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸುತ್ತಲೇ ಇರಬೇಕು, 27 ವರ್ಷದ ಹುಡುಗ ಜೀವನಪೂರ್ತಿ ಹಾಗಿರಲು ಆಗುತ್ತದೆಯೇ? ಬಲೂನಿನಿಂದ ಹಿಗ್ಗಿಸುತ್ತೇವೆ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ನಾಳವೇ ರಕ್ತನಾಳದ ಹಿಂದೆ ಸಿಕ್ಕಿಕೊಂಡಿರುವಾಗ ಒಳಗಿನಿಂದ ಹಿಗ್ಗಿಸಿ ಪ್ರಯೋಜನವಿಲ್ಲ. ಕಲ್ಲು ಜಾರಿಸಲು ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ಇನ್ನೂ ನುಂಗುತ್ತಿದ್ದರೆ, ಯಾಕೆ ಅಂತ ಬರೆದುಕೊಟ್ಟವರನ್ನೇ ಕೇಳಿ. ಬಾಳೆದಿಂಡು, ಹುರುಳಿ ಊಟದಲ್ಲಿ ಇರಲಿ, ಹುರುಳಿಕಟ್ಟಿನ ಸಾರು ನನಗೂ ಇಷ್ಟ. ರಕ್ತನಾಳವನ್ನು ಅವು ಪಕ್ಕಕ್ಕೆ ಸರಿಸುವುದಿಲ್ಲ.

ನನಗೆ ನಿಜವಾಗಿ ಕೋಪ ಬರಿಸಿದ್ದು ಊರಲ್ಲೇ ಹಾಕಿಸಿಕೊಳ್ಳುವ ಇಂಜೆಕ್ಷನ್. ಅದು ಹೆಚ್ಚಾಗಿ ಡೈಕ್ಲೋಫೆನಾಕ್ ಆಗಿರುತ್ತದೆ. ಒಂದೆರಡು ಸಲಕ್ಕೆ ಏನೂ ಆಗದು, ಎರಡು ವರ್ಷ ಪದೇ ಪದೇ ಅಂದರೆ ಮೂತ್ರ ಕಟ್ಟಿ ಸೊರಗಿದ ಕಿಡ್ನಿಗೆ ಮೇಲಿಂದ ಇನ್ನೊಂದು ಏಟು. ಎಡಗಡೆಯ ಒಳ್ಳೆ ಕಿಡ್ನಿಗೂ ಅದು ಒಳ್ಳೆಯದಲ್ಲ. ಆಪರೇಷನ್ ಆಗುವವರೆಗೆ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದಾ ನೋಡಲಿ, ಸಾಲದಿದ್ದರೆ ಆಸ್ಪತ್ರೆಗೆ ಬರಲಿ. ಐದು ಲೀಟರ್ ನೀರಿನ ಹಟ ಬಿಡಲಿ. ಬಾಯಾರಿಕೆಗೆ ತಕ್ಕಂತೆ, ದಿನವಿಡೀ ಹಂಚಿಕೊಂಡು, ಎರಡು ಎರಡೂವರೆ ಲೀಟರ್ ಕುಡಿಯಲಿ. ಶಿಫ್ಟ್‌ನಲ್ಲಿ ಎಂಟು ಗಂಟೆ ಕುಡಿಯದೆ ಇದ್ದು ಮನೆಗೆ ಬಂದು ಒಂದೇ ಸಲಕ್ಕೆ ಒಂದೂವರೆ ಲೀಟರ್ ಏರಿಸುವುದು ಬೇಡ.

ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿದರೆ ಗಂಟೆಗಳಲ್ಲಿ ರಕ್ತಕ್ಕೆ ಏರುತ್ತದೆ. ಈ ಕಾಯಿಲೆಯಲ್ಲಿ ಜೀವಕ್ಕೆ ಅಪಾಯ ಅಂತ ಇರುವುದು ಇದೊಂದೇ, ಆಪರೇಷನ್‌ಗಿಂತ ಇದಕ್ಕೆ ಹೆದರಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಸಂಕೋಚ ಇರಬಹುದು. ಈಗಿನ ನಿಯಮದಂತೆ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಅವನಿಗೆ ಇ.ಎಸ್.ಐ. ಇರಬೇಕು, ಕಂಪನಿಯಲ್ಲಿ ವಿಚಾರಿಸಲಿ. ಇಲ್ಲದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿ.ಪಿ.ಎಲ್. ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮೊದಲು ಅಡ್ಮಿಟ್ ಆಗಿ ಆಮೇಲೆ ಚೀಟಿಗೆ ಓಡಾಡಬೇಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಇದೇ ಕೆಲಸಕ್ಕೆ ಮೀಸಲಾದ ಸರ್ಕಾರಿ ಜಾಗ, ಅಲ್ಲೂ ತೋರಿಸಬಹುದು. ಹೋಗುವಾಗ ರಿಪೋರ್ಟ್ ಹಾಳೆ ಮಾತ್ರವಲ್ಲ, ಸಿ.ಟಿ.ಯ ಸಿ.ಡಿ.ಯನ್ನೂ ತೆಗೆದುಕೊಂಡು ಹೋಗಿ. ಹಾಳೆಯಲ್ಲಿ ಬರೆದದ್ದಕ್ಕಿಂತ ಚಿತ್ರ ನೋಡಿದರೆ ನಮಗೆ ಹೆಚ್ಚು ತಿಳಿಯುತ್ತದೆ.

ಇನ್ನು ಮದುವೆ. ಈ ಕಾಯಿಲೆಗೂ ಗಂಡಸ್ತನಕ್ಕೂ ಮಕ್ಕಳಾಗುವುದಕ್ಕೂ ಸಂಬಂಧವಿಲ್ಲ. ಹೆಣ್ಣಿನ ಕಡೆಯವರಿಗೆ ಹೇಳಬೇಕಾ ಅಂದರೆ, ಹೇಳಿ. ಆಪರೇಷನ್ ಆದ ಮೇಲೆ ಯಾರಾದರೂ ಮೂರನೆಯವರು 'ಕಿಡ್ನಿ ಆಪರೇಷನ್ ಅಂತೆ' ಅಂತ ಹೇಳಿ ಅವರಿಗೆ ತಿಳಿಯುವುದಕ್ಕಿಂತ, ನೀವೇ ರಿಪೋರ್ಟ್ ಹಿಡಿದುಕೊಂಡು ಹೋಗಿ 'ಕಿಡ್ನಿ ಕೆಟ್ಟಿಲ್ಲ, ಮೂತ್ರದ ನಾಳದ ದಾರಿ ಸರಿಮಾಡಿಸುತ್ತಿದ್ದೇವೆ' ಅನ್ನುವುದು ವಾಸಿ. ಬೇಕಿದ್ದರೆ ಹುಡುಗಿಯನ್ನೂ ಅವಳ ತಂದೆಯನ್ನೂ ನಿಮ್ಮ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಕೇಳಲಿ. ನನ್ನ ರೂಮಿನಲ್ಲಿ ಇಂಥ ಮಾತುಕತೆ ಎರಡು ಮೂರು ಸಲ ನಡೆದಿದೆ, ಒಂದು ಸಂಬಂಧವೂ ಮುರಿದಿಲ್ಲ.

ಕಾಲದ ಲೆಕ್ಕ ಹೀಗೆ. ಈಗ ಆಷಾಢ. ಆಷಾಢ ಕಳೆಯಲಿ ಅಂತ ನಿಮ್ಮ ಮನೆಯವರು ಹೇಗೂ ಹೇಳುತ್ತಾರೆ, ಎರಡು ಮೂರು ವಾರದಿಂದ ಏನೂ ಹೆಚ್ಚು ಕಡಿಮೆಯಾಗದು. ಶ್ರಾವಣದಲ್ಲಿ ಆಪರೇಷನ್ ಆದರೆ ನಾಲ್ಕರಿಂದ ಆರು ವಾರಕ್ಕೆ, ಅಂದರೆ ಭಾದ್ರಪದದಲ್ಲಿ ಸ್ಟೆಂಟ್ ತೆಗೆಯುತ್ತಾರೆ. ಅದು ಒಳಗಿರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರ, ಹೋಗುವಾಗ ಪಕ್ಕೆಯಲ್ಲಿ ಚುಳುಕು, ಆಗಾಗ ಮೂತ್ರ ಕೆಂಪಗಾಗುವುದು ಇರುತ್ತದೆ, ಗಾಬರಿ ಬೇಡ. ಭಾರ ಎತ್ತುವುದು, ತೋಪಿನಲ್ಲಿ ಕ್ರೇಟು ಹೊರುವುದು ಆರು ವಾರ ಬೇಡ. ಮೂರು ತಿಂಗಳಿಗೆ, ಕಾರ್ತಿಕದ ಸುಮಾರಿಗೆ, ಮತ್ತೊಮ್ಮೆ ಡಿ.ಟಿ.ಪಿ.ಎ. ಮಾಡಿ ಟಿ ಹಾಫ್ ಎಷ್ಟಕ್ಕೆ ಇಳಿದಿದೆ ನೋಡುತ್ತಾರೆ. ಮಾಘದ ಹೊತ್ತಿಗೆ ಅವನು ಎಲ್ಲರಂತೆ ಓಡಾಡಿಕೊಂಡಿರುತ್ತಾನೆ.

ಆ ಸ್ಟೆಂಟ್ ತೆಗೆಸುವ ತಾರೀಕನ್ನು ಮಾತ್ರ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಂಡು, ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೋವು ನಿಂತ ಮೇಲೆ ಜನ ಮರೆತುಬಿಡುತ್ತಾರೆ. ಬಂಗಾರಪೇಟೆ ಕಡೆಯ ಒಬ್ಬರು ಎರಡು ವರ್ಷ ಮರೆತು ಬಂದಿದ್ದರು. ಸ್ಟೆಂಟಿನ ಎರಡೂ ತುದಿಗೆ ಕಲ್ಲು ಕಟ್ಟಿ, ಐದು ನಿಮಿಷದಲ್ಲಿ ಆಗಬೇಕಿದ್ದ ಕೆಲಸಕ್ಕೆ ಮೂರು ಆಪರೇಷನ್ ಬೇಕಾಯಿತು. ಮದುವೆ ಓಡಾಟದ ಮನೆಯಲ್ಲಿ ಮರೆವು ಇನ್ನೂ ಜಾಸ್ತಿ. ತಾರೀಕು ನೆನಪಿಟ್ಟುಕೊಳ್ಳುವ ಜವಾಬ್ದಾರಿ ತಮ್ಮನಿಗೆ ಬಿಡದೆ ನೀವೇ ಇಟ್ಟುಕೊಳ್ಳಿ.